ಮುಚ್ಚುವ ತೂತು, ಮಾಡುವ ತೂತು: ಎಳೆ ಮಗುವಿನ ಹೃದಯದ ಅಪರೂಪದ ಆಪರೇಷನ್‌ಗಳು

ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಂದೇಶ ಆಗಾಗ ಬರುತ್ತಿರುತ್ತದೆ. "ಹುಟ್ಟಿ ನಾಲ್ಕು ದಿನದ ಮಗು, ಪರೇಲ್‌ನಲ್ಲಿ ಅಡ್ಮಿಟ್ ಆಗಿದೆ, ತುರ್ತು ಹಾರ್ಟ್ ಆಪರೇಷನ್, ರಕ್ತ ಕೊಡುವವರು ಬೇಕು." ಕೆಳಗೆ ಸಾಲಾಗಿ ಕೈಮುಗಿದ ಇಮೋಜಿಗಳು. ಅವುಗಳ ನಡುವೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ತೂತು ತಾನೇ? ನಮ್ಮ ಅಣ್ಣನ ಮಗಳಿಗೂ ಇತ್ತು, ಎರಡು ವರ್ಷಕ್ಕೆ ತಾನಾಗಿಯೇ ಮುಚ್ಚಿಕೊಂಡಿತು. ಇಷ್ಟು ಎಳೆ ಕೂಸಿಗೆ ಈಗಲೇ ಯಾಕೆ ಕತ್ತರಿ ಹಾಕಿಸಬೇಕು?"

ಕೇಳಿದ್ದರಲ್ಲಿ ತಪ್ಪೇನಿಲ್ಲ. ಅಣ್ಣನ ಮಗಳ ವಿಷಯವೂ ನಿಜವೇ ಇರುತ್ತದೆ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಸಣ್ಣ ತೂತಿದ್ದರೆ ಎಷ್ಟೋ ಮಕ್ಕಳಲ್ಲಿ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆದರೆ ಹುಟ್ಟಿನಿಂದ ಬರುವ ಹೃದಯದ ದೋಷಗಳೆಲ್ಲ ಈ ಜಾತಿಯವಲ್ಲ. ಸಾವಿರ ಮಕ್ಕಳು ಹುಟ್ಟಿದರೆ ಸುಮಾರು ಎಂಟು ಒಂಬತ್ತು ಮಕ್ಕಳಿಗೆ ಒಂದಲ್ಲ ಒಂದು ದೋಷ ಇರುತ್ತದೆ. ಅದರಲ್ಲಿ ಸಾದಾ ತೂತುಗಳದ್ದೇ ದೊಡ್ಡ ಪಾಲು. ಉಳಿದವುಗಳಲ್ಲಿ ಕೆಲವು ಎಂಥವು ಅಂದರೆ, ಅಲ್ಲಿ ತೂತೇ ಮಗುವನ್ನು ಬದುಕಿಸಿರುತ್ತದೆ. ಅದು ಮುಚ್ಚಿಕೊಂಡರೆ ಮಗು ಉಳಿಯುವುದಿಲ್ಲ, ಹಾಗಾಗಿ ಡಾಕ್ಟರೇ ಅದನ್ನು ಇನ್ನಷ್ಟು ಅಗಲ ಮಾಡುತ್ತಾರೆ. ಇದೊಂದು ತಲೆಗೆ ಹೋದರೆ ಉಳಿದದ್ದು, ಅಂದರೆ ಯಾಕೆ ಇಷ್ಟು ಅವಸರ, ಯಾಕೆ ರಕ್ತ ಕೇಳುತ್ತಾರೆ, ಯಾಕೆ ಕೆಲವು ಮಕ್ಕಳಿಗೆ ಮೂರು ಸಲ ಆಪರೇಷನ್ ಅನ್ನುವುದೆಲ್ಲ, ಅಷ್ಟು ಕಷ್ಟದ ವಿಷಯವಲ್ಲ.

ಮೊದಲು ಸರಿಯಿರುವ ಹೃದಯ

ಹೃದಯಕ್ಕೆ ನಾಲ್ಕು ಕೋಣೆಗಳು. ಮೇಲೆರಡು, ಕೆಳಗೆರಡು. ಮೇಲಿನವು ರಕ್ತವನ್ನು ಬರಮಾಡಿಕೊಳ್ಳುತ್ತವೆ, ಕೆಳಗಿನವು ಒತ್ತಿ ಕಳಿಸುತ್ತವೆ. ಬಲಭಾಗಕ್ಕೆ ಮೈಯೆಲ್ಲ ಸುತ್ತಿ ಆಕ್ಸಿಜನ್ ಖರ್ಚಾದ ರಕ್ತ ಬರುತ್ತದೆ. ಅದು ಪಲ್ಮನರಿ ಆರ್ಟರಿ ಅನ್ನುವ ದೊಡ್ಡ ನಾಳದ ಮೂಲಕ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಆಕ್ಸಿಜನ್ ತುಂಬಿಕೊಂಡು ಎಡಭಾಗಕ್ಕೆ ಬಂದು, ಅಯೋರ್ಟಾ ಅನ್ನುವ ಇನ್ನೊಂದು ದೊಡ್ಡ ನಾಳದಿಂದ ಮತ್ತೆ ಮೈಗೆ. ಒಂದು ಸುತ್ತು ಶ್ವಾಸಕೋಶಕ್ಕೆ, ಒಂದು ಸುತ್ತು ಮೈಗೆ. ರಕ್ತದ ಪ್ರತಿ ಹನಿಯೂ ಈ ಎರಡು ಸುತ್ತುಗಳನ್ನು ಒಂದರ ನಂತರ ಒಂದು ಮಾಡಲೇಬೇಕು.

ಎಡಭಾಗದ ಕೆಳಗಿನ ಕೋಣೆಯ ಗೋಡೆ ದಪ್ಪ, ಯಾಕೆಂದರೆ ಅದು ತಲೆಯಿಂದ ಕಾಲಿನವರೆಗೆ ರಕ್ತ ತಳ್ಳಬೇಕು. ಬಲಭಾಗದ್ದು ತೆಳು, ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸಿದರೆ ಅದರ ಕೆಲಸ ಮುಗಿಯಿತು. ಈ ದಪ್ಪ-ತೆಳುವಿನ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೊಟ್ಟೆಯೊಳಗಿರುವಾಗ ಬೇರೆಯೇ ಲೆಕ್ಕ

ತಾಯಿಯ ಹೊಟ್ಟೆಯಲ್ಲಿರುವ ಮಗು ಉಸಿರಾಡುವುದಿಲ್ಲ. ಆಕ್ಸಿಜನ್ ಹೊಕ್ಕುಳಬಳ್ಳಿಯಿಂದಲೇ ಸಿಗುತ್ತದೆ. ಶ್ವಾಸಕೋಶಕ್ಕೆ ಅಷ್ಟೊಂದು ರಕ್ತ ಕಳಿಸಿ ಪ್ರಯೋಜನವಿಲ್ಲ. ಅದಕ್ಕೇ ಪ್ರಕೃತಿ ಎರಡು ಅಡ್ಡದಾರಿ ಇಟ್ಟಿರುತ್ತದೆ. ಒಂದು, ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ. ಇನ್ನೊಂದು, ಪಲ್ಮನರಿ ಆರ್ಟರಿಗೂ ಅಯೋರ್ಟಾಕ್ಕೂ ನಡುವೆ ಒಂದು ಪುಟ್ಟ ನಾಳ, ಅದನ್ನು ಡಾಕ್ಟರುಗಳು ಡಕ್ಟ್ ಅನ್ನುತ್ತಾರೆ. ಮಗು ಹುಟ್ಟಿ, ಅತ್ತು, ಶ್ವಾಸಕೋಶ ಬಿಚ್ಚಿಕೊಂಡ ಮೇಲೆ ಇವೆರಡರ ಅಗತ್ಯ ಇಲ್ಲ. ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಡಕ್ಟ್ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಮುಚ್ಚಿಕೊಳ್ಳುತ್ತದೆ, ಕಿಂಡಿಯ ಬಾಗಿಲೂ ಒತ್ತಿಕೊಳ್ಳುತ್ತದೆ.

ಹಾಗಾಗಿಯೇ ದೊಡ್ಡ ದೋಷವಿರುವ ಮಗು ಹುಟ್ಟುವಾಗ ಗುಂಡುಗುಂಡಾಗಿ, ಮೂರು ಕೇಜಿ ತೂಗುತ್ತಾ, ಜೋರಾಗಿ ಅಳುತ್ತಾ ಹುಟ್ಟಬಹುದು. ಹೊಟ್ಟೆಯೊಳಗೆ ಅದಕ್ಕೆ ತೊಂದರೆಯೇ ಇರಲಿಲ್ಲವಲ್ಲ. ಮನೆಯವರು ಸ್ವೀಟ್ ಹಂಚಿ ಮುಗಿಯುವಷ್ಟರಲ್ಲಿ ಡಕ್ಟ್ ಮುಚ್ಚತೊಡಗುತ್ತದೆ, ಆಕ್ಸಿಜನ್ ಸಾಲದೆ ಮಗು ನೀಲಿಯಾಗುತ್ತದೆ. "ಹುಟ್ಟಿದಾಗ ಚೆನ್ನಾಗಿಯೇ ಇತ್ತು, ಆಸ್ಪತ್ರೆಯವರೇ ಏನೋ ಮಾಡಿದರು" ಅನ್ನುವ ಮಾತು ಅನೇಕ ಸಲ ಹುಟ್ಟುವುದು ಇಲ್ಲಿಂದಲೇ.

ದಾದರ್ ಬ್ರಿಜ್ ಇಲ್ಲದ ಮುಂಬೈ

ಅಪರೂಪದ ದೋಷಗಳಲ್ಲಿ ಒಂದನ್ನು ಸರಿಯಾಗಿ ನೋಡಿದರೆ ಉಳಿದವು ಸುಲಭ. ಅದಕ್ಕೆ ಟಿಜಿಎ ಅನ್ನುತ್ತಾರೆ. ಪೂರ್ತಿ ಹೆಸರು ಟ್ರಾನ್ಸ್‌ಪೊಸಿಷನ್ ಆಫ್ ಗ್ರೇಟ್ ಆರ್ಟರೀಸ್, ಅಂದರೆ ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳು ಅದಲುಬದಲಾಗಿರುವುದು. ಅಯೋರ್ಟಾ ಎಡಗಡೆಯಿಂದ ಹೊರಡಬೇಕಿತ್ತು, ಬಲಗಡೆಯಿಂದ ಹೊರಟಿರುತ್ತದೆ. ಪಲ್ಮನರಿ ಆರ್ಟರಿ ಎಡಗಡೆಗೆ ಅಂಟಿಕೊಂಡಿರುತ್ತದೆ. ಸುಮಾರು ನಾಲ್ಕೈದು ಸಾವಿರ ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ.

ಇದರಿಂದ ಏನಾಗುತ್ತದೆ ನೋಡಿ. ಮುಂಬೈ ಲೋಕಲ್ ರೈಲಿನ ವೆಸ್ಟರ್ನ್ ಲೈನ್ ಅನ್ನು ಶ್ವಾಸಕೋಶದ ಸುತ್ತು ಅಂದುಕೊಳ್ಳಿ, ಸೆಂಟ್ರಲ್ ಲೈನ್ ಅನ್ನು ಮೈಯ ಸುತ್ತು. ಸರಿಯಿರುವ ಹೃದಯದಲ್ಲಿ ಪ್ರತಿ ಸುತ್ತಿಗೂ ಲೈನ್ ಬದಲಾಗುತ್ತದೆ: ವೆಸ್ಟರ್ನ್‌ನಲ್ಲಿ ಆಕ್ಸಿಜನ್ ಹತ್ತಿಸಿಕೊಂಡು ಸೆಂಟ್ರಲ್‌ನಲ್ಲಿ ಇಳಿಸುವುದು. ಟಿಜಿಎ ಇರುವ ಮಗುವಿನಲ್ಲಿ ವೆಸ್ಟರ್ನ್ ಗಾಡಿ ವೆಸ್ಟರ್ನ್‌ನಲ್ಲೇ, ಚರ್ಚ್‌ಗೇಟಿನಿಂದ ವಿರಾರ್, ವಿರಾರಿನಿಂದ ಚರ್ಚ್‌ಗೇಟ್. ಸೆಂಟ್ರಲ್ ಗಾಡಿ ಸೆಂಟ್ರಲ್‌ನಲ್ಲೇ. ಒಂದು ಲೈನಿನಲ್ಲಿ ಆಕ್ಸಿಜನ್ ತುಂಬಿ ತುಳುಕುತ್ತಿದೆ, ಇನ್ನೊಂದು ಲೈನಿನಲ್ಲಿ ಮಿದುಳು, ಕಿಡ್ನಿ, ಕರುಳು ಎಲ್ಲ ಆಕ್ಸಿಜನ್‌ಗಾಗಿ ಕಾಯುತ್ತಿವೆ. ಈ ಲೈನಿಂದ ಆ ಲೈನಿಗೆ ದಾಟಲು ಇರುವುದು, ಎರಡೂ ಲೈನ್ ಕೂಡುವ ದಾದರ್ ಸ್ಟೇಷನ್ನಿನಲ್ಲಿರುವಂಥ ಒಂದೋ ಎರಡೋ ಬ್ರಿಜ್ ಮಾತ್ರ, ಅವೇ ಆ ಕಿಂಡಿ ಮತ್ತು ಡಕ್ಟ್. ಹುಟ್ಟಿದ ಮೇಲೆ ಮೈ ತನ್ನ ನಿಯಮದ ಪ್ರಕಾರ ಎರಡೂ ಬ್ರಿಜ್ ಮುಚ್ಚಲು ಶುರು ಮಾಡುತ್ತದೆ.

ಡಾಕ್ಟರೇ ತೂತು ದೊಡ್ಡದು ಮಾಡುವುದು

ಹಾಗಾಗಿ ಮೊದಲ ಚಿಕಿತ್ಸೆ ಆಪರೇಷನ್ ಅಲ್ಲ. ಪ್ರೊಸ್ಟಾಗ್ಲಾಂಡಿನ್ ಅನ್ನುವ ಔಷಧವನ್ನು ಡ್ರಿಪ್‌ನಲ್ಲಿ ಬಿಡುತ್ತಾರೆ. ಅದು ಹೋಗುತ್ತಿರುವಷ್ಟು ಹೊತ್ತು ಡಕ್ಟ್ ತೆರೆದಿರುತ್ತದೆ. ಇದರಿಂದ ಕೆಲವು ಮಕ್ಕಳಿಗೆ ಜ್ವರ ಬರಬಹುದು, ಮಧ್ಯೆ ಮಧ್ಯೆ ಉಸಿರು ನಿಲ್ಲಲೂಬಹುದು, ಆದ್ದರಿಂದ ಐಸಿಯುನಲ್ಲೇ ಕೊಡಬೇಕು.

ಅದೂ ಸಾಲದಿದ್ದರೆ ಬಲೂನ್. ಹೊಕ್ಕುಳಿನ ಅಥವಾ ತೊಡೆಯ ರಕ್ತನಾಳದಿಂದ ಒಂದು ತೆಳು ಟ್ಯೂಬನ್ನು ಹೃದಯದವರೆಗೆ ತಳ್ಳಿ, ಮೇಲಿನ ಕೋಣೆಗಳ ನಡುವಿನ ಕಿಂಡಿಯಿಂದ ಎಡಕ್ಕೆ ದಾಟಿಸುತ್ತಾರೆ. ತುದಿಯಲ್ಲಿರುವ ಪುಟ್ಟ ಬಲೂನನ್ನು ಉಬ್ಬಿಸಿ, ಒಂದೇ ಏಟಿಗೆ ಬಲಕ್ಕೆ ಎಳೆಯುತ್ತಾರೆ. ಗೋಡೆ ಹರಿಯುತ್ತದೆ. ಹರಿಯಲೇಬೇಕು. ನಿಧಾನವಾಗಿ ಎಳೆದರೆ ಗೋಡೆ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ ಅಷ್ಟೇ, ಅದಕ್ಕೇ ಆ ಜರ್ಕ್. ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ರಾಶ್‌ಕಿಂಡ್ 1966ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಇವತ್ತಿಗೂ ಎಕೋ ಮೆಷಿನ್, ಅಂದರೆ ಹೃದಯದ ಸ್ಕ್ಯಾನ್ ಮಾಡುವ ಮೆಷಿನ್, ಪಕ್ಕದಲ್ಲಿಟ್ಟುಕೊಂಡು, ಮಗು ಐಸಿಯುನಲ್ಲಿ ಮಲಗಿದ್ದಲ್ಲೇ ಮಾಡುವುದುಂಟು. ನಿಮಿಷಗಳಲ್ಲಿ ಮಾನಿಟರ್ ಮೇಲಿನ ಆಕ್ಸಿಜನ್ ಅಂಕಿ ಏರುವುದನ್ನು ನೋಡಬಹುದು.

ತೂತು ಮುಚ್ಚಿಸಲು ಬಂದ ತಂದೆತಾಯಿಗೆ "ನಾವು ತೂತು ದೊಡ್ಡದು ಮಾಡಿದ್ದೇವೆ" ಅಂತ ಹೇಳಿದರೆ ಗಾಬರಿಯಾಗದೆ ಇನ್ನೇನಾಗುತ್ತದೆ! ಆದರೆ ಆ ಹೊತ್ತಿಗೆ ಅದೇ ಸರಿಯಾದ ಕೆಲಸ.

ದೊಡ್ಡದಾದ ಮೇಲೆ ಮಾಡಿಸಿದರೆ ಆಗಲ್ವಾ?

ಆಗುವುದಿಲ್ಲ. ಕಾರಣ ಆಗ ಹೇಳಿದ ದಪ್ಪ-ತೆಳುವಿನಲ್ಲಿದೆ.

ಟಿಜಿಎ ಇರುವ ಮಗುವಿನ ಎಡಭಾಗದ ಕೆಳಗಿನ ಕೋಣೆ ಮೈಗೆ ರಕ್ತ ತಳ್ಳುತ್ತಿಲ್ಲ, ಶ್ವಾಸಕೋಶಕ್ಕೆ ತಳ್ಳುತ್ತಿದೆ. ಹುಟ್ಟಿದ ಹೊಸದರಲ್ಲಿ ಶ್ವಾಸಕೋಶದ ನಾಳಗಳು ಇನ್ನೂ ಬಿಗಿಯಾಗಿರುತ್ತವೆ, ಆದ್ದರಿಂದ ಆ ಕೋಣೆಗೆ ಕಷ್ಟದ ಕೆಲಸವೇ ಇರುತ್ತದೆ, ಗೋಡೆ ದಪ್ಪವೇ ಉಳಿದಿರುತ್ತದೆ. ದಿನ ಕಳೆದಂತೆ ನಾಳಗಳು ಸಡಿಲವಾಗುತ್ತವೆ, ಕೆಲಸ ಹಗುರವಾಗುತ್ತದೆ, ಕೆಲಸವಿಲ್ಲದ ಸ್ನಾಯು ಸೊರಗುತ್ತದೆ. ಕೆಲವು ವಾರ ಕಳೆದ ಮೇಲೆ ಆಪರೇಷನ್ ಮಾಡಿ ಆ ಕೋಣೆಗೆ "ಇವತ್ತಿನಿಂದ ಇಡೀ ಮೈಗೆ ರಕ್ತ ಕಳಿಸು" ಅಂದರೆ ಅದರ ಕೈಲಾಗುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ ಮೊದಲ ಎರಡು ಮೂರು ವಾರದೊಳಗೆ ಆಪರೇಷನ್ ಮುಗಿಸುತ್ತಾರೆ. ತಡವಾಗಿ ಬಂದವರಿಗೆ ದಾರಿಯೇ ಇಲ್ಲ ಅಂತಲ್ಲ. ಪಲ್ಮನರಿ ಆರ್ಟರಿಗೆ ಒಂದು ಪಟ್ಟಿ ಬಿಗಿದು, ಆ ಕೋಣೆಯನ್ನು ಮತ್ತೆ ಬಲಪಡಿಸಿ, ಆಮೇಲೆ ಮುಖ್ಯ ಆಪರೇಷನ್ ಮಾಡುವ ಕ್ರಮ ಇದೆ. ಆದರೆ ಒಂದರ ಬದಲು ಎರಡು ಆಪರೇಷನ್, ಅಪಾಯವೂ ಜಾಸ್ತಿ.

ಟೇಬಲ್ ಮೇಲೆ ಏನು ನಡೆಯುತ್ತದೆ

ಆಪರೇಷನ್ ಹೆಸರು ಆರ್ಟೀರಿಯಲ್ ಸ್ವಿಚ್. ಕಾಗದದ ಮೇಲೆ ಬರೆದರೆ ಬಹಳ ಸರಳ: ಎರಡು ನಾಳಗಳನ್ನು ಕತ್ತರಿಸಿ, ಅದಲುಬದಲು ಮಾಡಿ ಹೊಲಿಯುವುದು. ಹಾಗಿದ್ದರೆ 1975ರವರೆಗೆ ಯಾಕೆ ಯಾರಿಗೂ ಸರಿಯಾಗಿ ಮಾಡಲಾಗಲಿಲ್ಲ?

ಕೊರೊನರಿಗಳಿಂದಾಗಿ. ಹೃದಯದ ಸ್ನಾಯುವಿಗೇ ರಕ್ತ ಕೊಡುವ ಈ ಸಣ್ಣ ನಾಳಗಳು ಅಯೋರ್ಟಾದ ಬುಡದಿಂದ ಹೊರಡುತ್ತವೆ. ದೊಡ್ಡವರಿಗೆ ಹಾರ್ಟ್ ಅಟ್ಯಾಕ್ ಆಗುವುದು ಇವು ಕಟ್ಟಿಕೊಂಡಾಗ. ಅಯೋರ್ಟಾವನ್ನು ಕತ್ತರಿಸಿ ಆಚೆ ಕೂರಿಸಿದರೆ ಕೊರೊನರಿಗಳು ಹಳೆಯ ಬುಡದಲ್ಲೇ ಉಳಿಯುತ್ತವೆ, ಕೆಟ್ಟ ರಕ್ತ ಹರಿಯುವ ಕಡೆ. ಅವನ್ನೂ ಸಾಗಿಸಲೇಬೇಕು. ನವಜಾತ ಮಗುವಿನ ಇಡೀ ಹೃದಯ ತೂಗುವುದೇ ಸುಮಾರು 20 ಗ್ರಾಂ. ಅದರ ಕೊರೊನರಿ ಒಂದೆರಡು ಮಿಲಿಮೀಟರ್ ಅಗಲ. ಸ್ವಲ್ಪ ತಿರುಚಿಕೊಂಡರೂ, ಸ್ವಲ್ಪ ಎಳೆದಂತಾದರೂ ಹೃದಯದ ಆ ಭಾಗಕ್ಕೆ ರಕ್ತ ನಿಂತುಹೋಗುತ್ತದೆ.

1975ಕ್ಕೂ ಮುಂಚೆ ಸೆನಿಂಗ್, ಮಸ್ಟರ್ಡ್ ಎಂಬ ಸರ್ಜನ್‌ಗಳು ಕೊರೊನರಿಯ ತಂಟೆಗೆ ಹೋಗದೆ, ಮೇಲಿನ ಕೋಣೆಗಳ ಒಳಗೇ ರಕ್ತದ ದಾರಿ ತಿರುಗಿಸುವ ಉಪಾಯ ಕಂಡುಕೊಂಡಿದ್ದರು. ಮಕ್ಕಳು ಬದುಕಿದರು, ದೊಡ್ಡವರೂ ಆದರು. ಆದರೆ ತೆಳು ಗೋಡೆಯ ಬಲಗೋಣೆಯೇ ಜೀವನಪೂರ್ತಿ ಇಡೀ ಮೈಯ ಭಾರ ಹೊರಬೇಕಿತ್ತು. ವರ್ಷಗಳು ಕಳೆದಂತೆ ಅನೇಕರಲ್ಲಿ ಅದು ಸೋಲತೊಡಗಿತು. 1975ರಲ್ಲಿ ಬ್ರೆಜಿಲ್‌ನ ಆಡಿಬ್ ಜಟೇನೆ ಕೊರೊನರಿಗಳನ್ನೂ ಸೇರಿಸಿ ಪೂರ್ತಿ ಸ್ವಿಚ್ ಮಾಡಿ ತೋರಿಸಿದರು.

ಈಗ ನಡೆಯುವುದು ಹೀಗೆ. ಎದೆಯ ಮಧ್ಯದ ಮೂಳೆಯನ್ನು ಉದ್ದಕ್ಕೆ ಸೀಳಿ ತೆರೆಯುತ್ತಾರೆ. ಹೃದಯದ ಸುತ್ತಲಿನ ತೆಳು ಪೊರೆಯಿಂದ ಒಂದು ತುಂಡು ಕತ್ತರಿಸಿ ತೆಗೆದಿಟ್ಟುಕೊಳ್ಳುತ್ತಾರೆ, ಆಮೇಲೆ ತೇಪೆಗೆ ಬೇಕು. ಹೃದಯ ಮತ್ತು ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮೆಷಿನ್ ಜೋಡಿಸಿ, ಮೈಯನ್ನು ತಣ್ಣಗೆ ಮಾಡಿ, ಪೊಟ್ಯಾಸಿಯಂ ಇರುವ ತಣ್ಣನೆಯ ದ್ರಾವಣ ಕೊಟ್ಟು ಹೃದಯವನ್ನು ನಿಲ್ಲಿಸುತ್ತಾರೆ. ಎರಡೂ ದೊಡ್ಡ ನಾಳಗಳನ್ನು ವಾಲ್ವ್‌ಗಳ (ರಕ್ತ ಹಿಂದಕ್ಕೆ ಬಾರದಂತೆ ತಡೆಯುವ ಬಾಗಿಲುಗಳ) ಮೇಲ್ಭಾಗದಲ್ಲಿ ಕತ್ತರಿಸುತ್ತಾರೆ. ಕೊರೊನರಿಯನ್ನು ಮಾತ್ರ ಬರಿದೇ ಕತ್ತರಿಸುವುದಿಲ್ಲ, ಅದು ಹೊರಡುವ ಜಾಗದ ಸುತ್ತ ಅಯೋರ್ಟಾ ಗೋಡೆಯ ಸಣ್ಣ ದುಂಡು ಚೂರನ್ನೂ ಸೇರಿಸಿ ತೆಗೆಯುತ್ತಾರೆ. ಸರ್ಜನ್‌ಗಳು ಅದನ್ನು ಬಟನ್ ಅಂತಲೇ ಕರೆಯುತ್ತಾರೆ. ಆ ಬಟನ್‌ಗಳನ್ನು ಹೊಸ ಬುಡಕ್ಕೆ ಹೊಲಿದು, ಅಯೋರ್ಟಾವನ್ನು ಅದರ ಮೇಲೆ ಕೂರಿಸಿ, ಪಲ್ಮನರಿ ಆರ್ಟರಿಯನ್ನು ಮುಂದಕ್ಕೆ ತಂದು ಇನ್ನೊಂದು ಬುಡಕ್ಕೆ ಹೊಲಿಯುತ್ತಾರೆ. ಬಟನ್ ಕಿತ್ತ ಜಾಗದ ಗುಂಡಿಗಳಿಗೆ ಆಗ ತೆಗೆದಿಟ್ಟ ಪೊರೆಯ ತೇಪೆ. ಇಷ್ಟೆಲ್ಲ ಆದ ಮೇಲೆ ಕೊನೆಗೆ ಆ ಕಿಂಡಿ ಮತ್ತು ಡಕ್ಟ್ ಮುಚ್ಚುತ್ತಾರೆ. ಈಗ ಬ್ರಿಜ್ ಬೇಕಿಲ್ಲ.

ಹೊಲಿಯುವ ದಾರ ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ಸರ್ಜನ್ ಕನ್ನಡಕಕ್ಕೆ ಭೂತಗನ್ನಡಿ ಜೋಡಿಸಿಕೊಂಡಿರುತ್ತಾರೆ. ರಕ್ತ ಬಿಟ್ಟು ಹೃದಯ ಮತ್ತೆ ಮಿಡಿಯತೊಡಗಿದಾಗ ಎಲ್ಲರೂ ನೋಡುವುದು ಅದರ ಬಣ್ಣವನ್ನು. ಎಲ್ಲ ಕಡೆ ಗುಲಾಬಿಯಾಗಿದ್ದರೆ ಕೊರೊನರಿ ಸರಿ ಕೂತಿದೆ. ಎಲ್ಲೋ ಒಂದು ಕಡೆ ಕಪ್ಪಿಟ್ಟರೆ ಮತ್ತೆ ಬಿಚ್ಚಿ ನೋಡಬೇಕು. ಒಳ್ಳೆಯ ಅನುಭವವಿರುವ ಆಸ್ಪತ್ರೆಗಳಲ್ಲಿ, ಬೇರೆ ತೊಡಕಿಲ್ಲದೆ ವೇಳೆಗೆ ಸರಿಯಾಗಿ ಬಂದ ಮಕ್ಕಳಲ್ಲಿ ನೂರಕ್ಕೆ 95ಕ್ಕೂ ಜಾಸ್ತಿ ಮಕ್ಕಳು ಉಳಿಯುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಬಹುತೇಕ ಮಕ್ಕಳು ಒಂದು ವರ್ಷ ದಾಟುವುದಿಲ್ಲ.

ಹೃದಯ ನಿಂತಾಗ ಮಗು ಬದುಕಿರುವುದು ಹೇಗೆ

ಹಾರ್ಟ್-ಲಂಗ್ ಮೆಷಿನ್ ಬಲಗಡೆಯ ರಕ್ತವನ್ನು ಹೊರಗೆಳೆದು, ಆಕ್ಸಿಜನ್ ಸೇರಿಸಿ, ಅಯೋರ್ಟಾಕ್ಕೆ ವಾಪಸು ಕೊಡುತ್ತದೆ. ಅಮೆರಿಕದ ಸರ್ಜನ್ ಜಾನ್ ಗಿಬ್ಬನ್ 1953ರಲ್ಲಿ ಇದನ್ನು ಬಳಸಿ ಮೊದಲ ಯಶಸ್ವಿ ಆಪರೇಷನ್ ಮಾಡಿದರು. ಆದರೆ ಆಗಿನ ಮೆಷಿನ್ ನಂಬುವಂತಿರಲಿಲ್ಲ. ಮರುವರ್ಷ, 1954ರಲ್ಲಿ, ಮಿನೆಸೋಟಾ ವಿಶ್ವವಿದ್ಯಾಲಯದ ವಾಲ್ಟನ್ ಲಿಲ್ಲೆಹೈ ಮೆಷಿನ್ ಬದಲು ಮಗುವಿನ ಅಪ್ಪನನ್ನೇ ಪಕ್ಕದ ಟೇಬಲ್ ಮೇಲೆ ಮಲಗಿಸಿ, ಇಬ್ಬರ ರಕ್ತನಾಳಗಳನ್ನೂ ಟ್ಯೂಬಿನಿಂದ ಜೋಡಿಸಿ, ಅಪ್ಪನ ಹೃದಯ ಮತ್ತು ಶ್ವಾಸಕೋಶದಿಂದಲೇ ಮಗುವಿಗೆ ರಕ್ತ ಕೊಡಿಸುತ್ತಾ ಮಗುವಿನ ಹೃದಯದ ತೂತು ಮುಚ್ಚಿದರು. ಒಬ್ಬರ ಆಪರೇಷನ್‌ನಲ್ಲಿ ಇಬ್ಬರು ಸಾಯುವ ಅಪಾಯ! ಹೀಗೆ 45 ಜನರಿಗೆ ಮಾಡಿದರು, 28 ಮಂದಿ ಉಳಿದರು. ಒಳ್ಳೆಯ ಮೆಷಿನ್‌ಗಳು ಬಂದ ಮೇಲೆ ಆ ಪದ್ಧತಿ ನಿಂತಿತು.

ಪರೇಲ್‌ನ ಕೆಇಎಂ ಆಸ್ಪತ್ರೆಗೂ ಹೃದಯ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಜಾಗ ಇದೆ. 1968ರ ಫೆಬ್ರವರಿಯಲ್ಲಿ ಡಾ. ಪಿ.ಕೆ. ಸೇನ್ ಅಲ್ಲಿ ದೇಶದ ಮೊದಲ ಹೃದಯ ಕಸಿ ಮಾಡಿದರು. ಕೇಪ್‌ಟೌನ್‌ನಲ್ಲಿ ಜಗತ್ತಿನ ಮೊದಲ ಕಸಿ ನಡೆದು ಆಗಿನ್ನೂ ಮೂರು ತಿಂಗಳಾಗಿರಲಿಲ್ಲ. ರೋಗಿ ಕೆಲವೇ ಗಂಟೆ ಬದುಕಿದ್ದರು.

ಇನ್ನು ರಕ್ತದ ಮಾತು. ಮೂರು ಕೇಜಿ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು ಕಾಲು ಲೀಟರ್, ಅಷ್ಟೇ. ಮೆಷಿನ್‌ನ ಟ್ಯೂಬುಗಳನ್ನು ತುಂಬಿಸಲೇ ಹೆಚ್ಚುಕಮ್ಮಿ ಅಷ್ಟು ದ್ರವ ಬೇಕು. ಬರೀ ಸಲೈನ್ ತುಂಬಿಸಿದರೆ ಮಗುವಿನ ರಕ್ತ ನೀರಾಗಿಬಿಡುತ್ತದೆ. ಆದ್ದರಿಂದ ದಾನಿಗಳ ರಕ್ತ ಮೊದಲೇ ಸಿದ್ಧವಿರಬೇಕು. ರಕ್ತಸ್ರಾವ ನಿಲ್ಲಲು ಪ್ಲೇಟ್‌ಲೆಟ್, ಪ್ಲಾಸ್ಮಾ ಬೇರೆ. "ಅಷ್ಟು ಚಿಕ್ಕ ಮಗುವಿಗೆ ಅಷ್ಟೊಂದು ಬಾಟಲಿ ಯಾಕೆ" ಅಂತ ಕೇಳುವವರಿಗೆ ಉತ್ತರ ಇದು.

ಇನ್ನೂ ಕೆಲವು ಅಪರೂಪದವು

ಟಿಎಪಿವಿಸಿ. ಶ್ವಾಸಕೋಶದಿಂದ ಶುದ್ಧ ರಕ್ತ ತರುವ ನಾಲ್ಕು ನಾಳಗಳು ಎಡಭಾಗದ ಮೇಲಿನ ಕೋಣೆಗೆ ಸೇರುವ ಬದಲು ಬೇರೆಲ್ಲೋ ಹೋಗಿ ಬಲಭಾಗಕ್ಕೇ ಸೇರಿಕೊಂಡಿರುತ್ತವೆ. ಇಲ್ಲೂ ಮೇಲಿನ ಕೋಣೆಗಳ ನಡುವಿನ ತೂತೇ ಪ್ರಾಣ ಉಳಿಸುವುದು, ಅದಿಲ್ಲದಿದ್ದರೆ ಎಡಭಾಗಕ್ಕೆ ರಕ್ತವೇ ಬರುವುದಿಲ್ಲ. ನಾಳಗಳು ಹಾದುಬರುವ ದಾರಿ ಎಲ್ಲಾದರೂ ಇಕ್ಕಟ್ಟಾಗಿದ್ದರೆ ರಕ್ತ ಶ್ವಾಸಕೋಶದಲ್ಲೇ ಕಟ್ಟಿಕೊಳ್ಳುತ್ತದೆ. ಆಗ ರಾತ್ರೋರಾತ್ರಿ ಆಪರೇಷನ್ ಮಾಡಬೇಕಾದೀತು. ಆ ನಾಳಗಳೆಲ್ಲ ಕೂಡುವ ಜಾಗವನ್ನು ಎಡಭಾಗದ ಮೇಲಿನ ಕೋಣೆಯ ಹಿಂಭಾಗಕ್ಕೆ ಅಗಲವಾಗಿ ಹೊಲಿದು ಜೋಡಿಸುವುದೇ ರಿಪೇರಿ.

ಟ್ರಂಕಸ್ ಅನ್ನುವುದರಲ್ಲಿ ಎರಡು ದೊಡ್ಡ ನಾಳಗಳ ಬದಲು ಒಂದೇ ಕಾಂಡ ಇರುತ್ತದೆ. ಸರ್ಜನ್ ಅದನ್ನು ಅಯೋರ್ಟಾ ಆಗಿ ಉಳಿಸಿಕೊಂಡು, ಶ್ವಾಸಕೋಶಕ್ಕೆ ವಾಲ್ವ್ ಇರುವ ಬೇರೆ ಟ್ಯೂಬ್ ಹಾಕುತ್ತಾರೆ. ಟ್ಯೂಬ್ ಮಗುವಿನ ಜೊತೆ ಬೆಳೆಯುವುದಿಲ್ಲ. ಮುಂದೆ ಬದಲಿಸಲೇಬೇಕಾಗುತ್ತದೆ, ಇದನ್ನು ಮೊದಲ ದಿನವೇ ತಿಳಿದಿಟ್ಟುಕೊಂಡರೆ ಒಳ್ಳೆಯದು.

ಅಲ್ಕಾಪಾ ಅಂತ ಒಂದಿದೆ, ಸುಮಾರು ಮೂರು ಲಕ್ಷ ಮಕ್ಕಳಲ್ಲಿ ಒಂದಕ್ಕೆ. ಎಡ ಕೊರೊನರಿ ಅಯೋರ್ಟಾದಿಂದ ಹೊರಡುವ ಬದಲು ಪಲ್ಮನರಿ ಆರ್ಟರಿಯಿಂದ ಹೊರಟಿರುತ್ತದೆ. ಇದರಲ್ಲಿ ಮಗು ಹುಟ್ಟಿದಾಗ ಚೆನ್ನಾಗಿಯೇ ಇದ್ದು, ಒಂದೆರಡು ತಿಂಗಳಾದ ಮೇಲೆ ಹಾಲು ಕುಡಿಯುವಾಗ ಬೆವರಿ, ನೋವಿನಿಂದ ಚೀರುತ್ತದೆ. ಹೊಟ್ಟೆನೋವು, ಗ್ಯಾಸ್ ಅಂತ ಬಜೆ ತೇಯ್ದು ನೆಕ್ಕಿಸುವುದು ನಮ್ಮಲ್ಲಿ ಸಹಜ. ನಿಜಕ್ಕೂ ಆ ಕೂಸಿಗೆ ಆಗುತ್ತಿರುವುದು ಎದೆನೋವು. ಕೊರೊನರಿಯನ್ನು ಅಯೋರ್ಟಾಕ್ಕೆ ಸಾಗಿಸಿದರೆ, ಸೋತು ಉಬ್ಬಿದ್ದ ಹೃದಯ ತಿಂಗಳುಗಳಲ್ಲಿ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಚಿಕ್ಕ ಮಕ್ಕಳ ಹೃದಯಕ್ಕೆ ಆ ಶಕ್ತಿ ಇದೆ.

ಪೂರ್ತಿ ಸರಿಮಾಡಲಾಗದ ಹೃದಯ

ಕೆಲವು ಮಕ್ಕಳಲ್ಲಿ ಕೆಳಗಿನ ಎರಡು ಕೋಣೆಗಳಲ್ಲಿ ಒಂದು ಬೆಳೆದೇ ಇರುವುದಿಲ್ಲ. ಇಲ್ಲದ ಕೋಣೆಯನ್ನು ಯಾರೂ ಕಟ್ಟಿಕೊಡಲಾರರು. ಹಾಗಾಗಿ ಇರುವ ಒಂದೇ ಕೋಣೆಯನ್ನು ಮೈಗೆ ರಕ್ತ ಕಳಿಸಲು ಮೀಸಲಿಟ್ಟು, ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತ ಹೃದಯವನ್ನು ಮುಟ್ಟದೆ ನೇರವಾಗಿ ಹರಿದುಹೋಗುವಂತೆ ಮಾಡುತ್ತಾರೆ. ಒಂದೇ ಸಲಕ್ಕೆ ಆಗದು. ಸಾಮಾನ್ಯವಾಗಿ ಹುಟ್ಟಿದ ಕೆಲವು ದಿನಗಳಲ್ಲಿ ಮೊದಲನೆಯದು, ಆಗ ಹೆಚ್ಚಾಗಿ ಮೂರೂವರೆ ಮಿಲಿಮೀಟರಿನಂಥ ಸಣ್ಣ ಟ್ಯೂಬಿನಿಂದ ಶ್ವಾಸಕೋಶಕ್ಕೆ ರಕ್ತ ಕೊಡುತ್ತಾರೆ. ಈ ಟ್ಯೂಬಿನ ಮೂಲ ಯೋಚನೆ 1944ರ ನವೆಂಬರ್‌ನಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ನಡೆದ ಆಪರೇಷನ್‌ನದು. ಮಕ್ಕಳ ಡಾಕ್ಟರು ಹೆಲೆನ್ ಟಾಸಿಗ್ ಯೋಚನೆ ಕೊಟ್ಟರು, ಆಲ್ಫ್ರೆಡ್ ಬ್ಲಾಲಾಕ್ ಆಪರೇಷನ್ ಮಾಡಿದರು. ಅದನ್ನು ನಾಯಿಗಳ ಮೇಲೆ ಮಾಡಿ ಕಲಿತು, ಆ ದಿನ ಬ್ಲಾಲಾಕ್ ಹಿಂದೆ ನಿಂತು ಹೇಳಿಕೊಟ್ಟ ವಿವಿಯನ್ ಥಾಮಸ್‌ಗೆ ಮೆಡಿಕಲ್ ಡಿಗ್ರಿಯೇ ಇರಲಿಲ್ಲ. ಕಪ್ಪು ಜನಾಂಗದವರಾದ್ದರಿಂದ ಹೆಸರು ಬರಲೂ ದಶಕಗಳು ಬೇಕಾದವು.

ಎರಡನೆಯ ಆಪರೇಷನ್, ಗ್ಲೆನ್, ಸುಮಾರು ನಾಲ್ಕರಿಂದ ಆರು ತಿಂಗಳಿಗೆ. ಇದರಲ್ಲಿ ತಲೆ ಮತ್ತು ತೋಳುಗಳಿಂದ ಬರುವ ರಕ್ತವನ್ನು ನೇರ ಶ್ವಾಸಕೋಶಕ್ಕೆ ಜೋಡಿಸುತ್ತಾರೆ. ಮೂರನೆಯದು ಫೊಂಟಾನ್, ಹೆಚ್ಚಾಗಿ ಎರಡರಿಂದ ನಾಲ್ಕು ವರ್ಷಕ್ಕೆ, ಕಾಲು ಮತ್ತು ಹೊಟ್ಟೆಯ ಕಡೆಯ ರಕ್ತಕ್ಕೂ ಹಾಗೇ. ಪ್ರತಿ ಹಂತಕ್ಕೂ ಮಧ್ಯೆ ಕಾಯಬೇಕು, ಶ್ವಾಸಕೋಶದ ನಾಳಗಳು ಬೆಳೆಯಬೇಕು. ಇಂಥ ಮಗು ಶಾಲೆಗೆ ಹೋಗುತ್ತದೆ, ಆಡುತ್ತದೆ, ಆದರೆ ಲಿವರ್, ಹೃದಯದ ಬಡಿತದ ಲಯ ಇವನ್ನೆಲ್ಲ ಜೀವನಪೂರ್ತಿ ನೋಡಿಕೊಳ್ಳುತ್ತಿರಬೇಕು. ಡಾಕ್ಟರರ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ ನನ್ನ ಪ್ರಕಾರ "ಖರ್ಚೆಷ್ಟು" ಅಲ್ಲ, "ಇದು ಪೂರ್ತಿ ರಿಪೇರಿಯಾ, ಹಂತಹಂತದ್ದಾ?" ಎಂಬುದು. ಖರ್ಚಿನ ಉತ್ತರವೂ ಅದರೊಳಗೇ ಇರುತ್ತದೆ.

ಮೊದಲೇ ಗೊತ್ತಾಗುತ್ತಾ? ತವರಿನ ಪ್ರಶ್ನೆ

ಗೊತ್ತಾಗಬಹುದು. ಬಸುರಿಯ ಐದನೇ ತಿಂಗಳಿನ ಸ್ಕ್ಯಾನ್‌ನಲ್ಲಿ, ಸುಮಾರು 18ರಿಂದ 20 ವಾರಕ್ಕೆ, ಹೃದಯ ನೋಡುತ್ತಾರೆ. ಆದರೆ ಟಿಜಿಎಯಲ್ಲಿ ನಾಲ್ಕೂ ಕೋಣೆಗಳು ಸರಿಯಾಗಿಯೇ ಕಾಣುತ್ತವೆ. ಕೋಣೆಗಳನ್ನಷ್ಟೇ ನೋಡಿ ಬಿಟ್ಟರೆ ತಪ್ಪಿಹೋಗುತ್ತದೆ, ನಾಳಗಳು ಹೊರಡುವ ಜಾಗವನ್ನೂ ನೋಡಬೇಕು. ಸಂಶಯ ಬಂದರೆ ಫೀಟಲ್ ಎಕೋ, ಅಂದರೆ ಹೊಟ್ಟೆಯೊಳಗಿನ ಮಗುವಿನ ಹೃದಯದ ಸ್ಕ್ಯಾನ್, ಮಾಡಿಸುತ್ತಾರೆ.

ಇಲ್ಲಿ ನಮ್ಮವರಿಗೇ ವಿಶೇಷವಾದ ಒಂದು ಮಾತಿದೆ. ಡೊಂಬಿವಲಿಯಲ್ಲೋ ಪುಣೆಯ ಪಿಂಪ್ರಿಯಲ್ಲೋ ಇರುವ ಹುಡುಗಿ ಸೀಮಂತ ಮುಗಿಸಿ ಬಾಣಂತನಕ್ಕೆ ಊರಿಗೆ ಹೋಗುತ್ತಾಳೆ. ಕುಂದಾಪುರವೋ ಇಂಡಿಯೋ ಜಮಖಂಡಿಯೋ. ಸಾಮಾನ್ಯವಾಗಿ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಸ್ಕ್ಯಾನ್‌ನಲ್ಲಿ ಇಂಥ ದೋಷ ಕಂಡಿದ್ದರೆ ಹೆರಿಗೆ ಮಕ್ಕಳ ಹೃದಯದ ಆಪರೇಷನ್ ಮಾಡುವ ಆಸ್ಪತ್ರೆಯ ಹತ್ತಿರವೇ ಆಗಬೇಕು. ಹುಟ್ಟಿದ ಮೇಲೆ ನೀಲಿ ಮಗುವನ್ನು ಆಂಬುಲೆನ್ಸ್‌ನಲ್ಲಿ ಘಾಟಿ ಹತ್ತಿಸುವುದಕ್ಕಿಂತ ತಾಯಿಯ ಹೊಟ್ಟೆಯಲ್ಲೇ ಕರೆದೊಯ್ಯುವುದು ಎಷ್ಟೋ ಸುರಕ್ಷಿತ. ಅಮ್ಮನೇ ಊರಿಂದ ಇಲ್ಲಿಗೆ ಬಂದು ಬಾಣಂತನ ಮಾಡಲಿ.

ಹುಟ್ಟಿದ ಮೇಲೆ ಪತ್ತೆಗೆ ಒಂದು ಸುಲಭ ಪರೀಕ್ಷೆ ಇದೆ. ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂದಿತ್ತಲ್ಲ ಆಕ್ಸಿಮೀಟರ್, ಅದೇ ತತ್ವ, ಮಗುವಿಗೆ ಬೇರೆ ಸೆನ್ಸರ್. 24 ಗಂಟೆ ಆದ ಮೇಲೆ ಬಲಗೈ ಮತ್ತು ಒಂದು ಪಾದದಲ್ಲಿ ನೋಡುತ್ತಾರೆ. 95 ಅಥವಾ ಮೇಲಿದ್ದು, ಎರಡರ ನಡುವೆ 3ಕ್ಕಿಂತ ಜಾಸ್ತಿ ವ್ಯತ್ಯಾಸ ಇಲ್ಲದಿದ್ದರೆ ಸಾಮಾನ್ಯವಾಗಿ ಸರಿ. 90ಕ್ಕಿಂತ ಕಡಿಮೆ ಇದ್ದರೆ ಕೂಡಲೇ ಎಕೋ. ಚುಚ್ಚುವುದಿಲ್ಲ, ಕೆಲವೇ ನಿಮಿಷ. ಡಿಸ್ಚಾರ್ಜ್ ಆಗುವ ಮುಂಚೆ "ಆಕ್ಸಿಜನ್ ನೋಡಿದಿರಾ?" ಅಂತ ಕೇಳಿ. ಮನೆಯಲ್ಲಿ ನೋಡುವುದಾದರೆ ನಾಲಿಗೆ, ಒಸಡು ನೋಡಿ, ನಮ್ಮ ಮೈಬಣ್ಣಕ್ಕೆ ಚರ್ಮದಲ್ಲಿ ನೀಲಿ ಬೇಗ ಗೊತ್ತಾಗುವುದಿಲ್ಲ. ಹಾಲು ಕುಡಿಯುವಾಗ ಹಣೆ ಬೆವರುವುದು, ಎರಡು ಗುಟುಕಿಗೆ ಸುಸ್ತಾಗಿ ಬಿಡುವುದು, ತೂಕ ಏರದಿರುವುದು ಕೂಡ ಲಕ್ಷಣಗಳೇ.

ಯಾಕೆ ಹೀಗಾಯಿತು ಅಂದರೆ, ಬಹಳಷ್ಟು ಸಲ ನಿರ್ದಿಷ್ಟ ಕಾರಣ ಸಿಗುವುದಿಲ್ಲ. ಹೃದಯ ರೂಪುಗೊಳ್ಳುವುದು ಬಸುರಿನ ಮೊದಲ ಎರಡು ತಿಂಗಳಲ್ಲಿ. ತಾಯಿಯ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಆಗ ಬಂದ ರುಬೆಲ್ಲಾ ಎಂಬ ಸೋಂಕು, ಕೆಲವು ಔಷಧಗಳು, ಜೀನ್ ದೋಷಗಳು, ಹತ್ತಿರದ ರಕ್ತಸಂಬಂಧದ ಮದುವೆ ಇವು ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಗ್ರಹಣದ ದಿನ ಬಸುರಿ ಹೊರಗೆ ಹೋದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ದುಡ್ಡಿನ ದಾರಿಗಳು

ಮಹಾರಾಷ್ಟ್ರದಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ, ಅದಕ್ಕೆ ಇಲ್ಲಿನ ದಾಖಲೆ ಬೇಕು. ರೇಷನ್ ಕಾರ್ಡ್ ಇನ್ನೂ ಊರಲ್ಲೇ ಇದೆ ಅನ್ನುವವರು ನಮ್ಮಲ್ಲಿ ಬಹಳ. ಅಂಥವರು ಆಯುಷ್ಮಾನ್ ಭಾರತ್‌ಗೆ ಅರ್ಹರಿದ್ದಾರಾ ನೋಡಬೇಕು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆ ಕೇಂದ್ರ ಯೋಜನೆ ರಾಜ್ಯದ ಗಡಿ ದಾಟಿಯೂ ನಡೆಯುತ್ತದೆ, ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿರಬೇಕು ಅಷ್ಟೇ. 18 ವರ್ಷದವರೆಗಿನ ಮಕ್ಕಳಿಗೆ ಆರ್‌ಬಿಎಸ್‌ಕೆ, ಅಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂಲಕವೂ ದಾರಿ ಇದೆ. ಇನ್ನೊಂದು ಅನೇಕರಿಗೆ ಗೊತ್ತೇ ಇಲ್ಲ: ಮಹಾರಾಷ್ಟ್ರದ ಚಾರಿಟಬಲ್ ಟ್ರಸ್ಟ್ ಆಸ್ಪತ್ರೆಗಳು, ಎಷ್ಟೇ ದೊಡ್ಡ ಹೆಸರಿನವಾಗಲಿ, ನೂರಕ್ಕೆ 10 ಹಾಸಿಗೆಗಳನ್ನು ತೀರಾ ಬಡವರಿಗೆ ಉಚಿತವಾಗಿ, ಇನ್ನು 10 ಹಾಸಿಗೆಗಳನ್ನು ಆರ್ಥಿಕವಾಗಿ ದುರ್ಬಲರಾದವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕು. ತಾವಾಗಿ ಬಂದು ಯಾರೂ ಹೇಳುವುದಿಲ್ಲ. ಆಸ್ಪತ್ರೆಯ ಸೋಶಿಯಲ್ ವರ್ಕರ್ ಅಥವಾ ಯೋಜನೆಯ ಕೌಂಟರಿನಲ್ಲಿರುವ ಆರೋಗ್ಯಮಿತ್ರರನ್ನು ಮೊದಲ ದಿನವೇ ಹಿಡಿಯಿರಿ. ಬಿಲ್ ಕಟ್ಟಿದ ಮೇಲೆ ಹೋದರೆ ಕಷ್ಟ.

ಮನೆಗೆ ಬಂದ ಮೇಲೆ

ಆಪರೇಷನ್ ಮುಗಿದ ಕೂಡಲೇ ಮಗುವನ್ನು ನೋಡುವ ತಂದೆತಾಯಿಗೆ ಎದೆ ಒಡೆಯುತ್ತದೆ: ಮೈತುಂಬ ಟ್ಯೂಬು, ಊದಿದ ಮುಖ. ಹೃದಯ ಊದಿಕೊಂಡಿದ್ದರೆ ಒಂದೆರಡು ದಿನ ಎದೆಮೂಳೆಯನ್ನು ಮುಚ್ಚದೆ, ಮೇಲೊಂದು ಹಾಳೆ ಹೊದಿಸಿ ಬಿಟ್ಟಿರುವುದೂ ಉಂಟು. ಇದನ್ನು ಮೊದಲೇ ಹೇಳಿಟ್ಟರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ.

ಮೂಳೆ ಕೂಡಲು ಸುಮಾರು ಆರು ವಾರ ಬೇಕು. ಅಲ್ಲಿಯವರೆಗೆ ಮಗುವನ್ನು ಕಂಕುಳಲ್ಲಿ ಕೈಹಾಕಿ ಎತ್ತಬಾರದು. ಒಂದು ಕೈ ತಲೆ ಮತ್ತು ಬೆನ್ನಿನ ಕೆಳಗೆ, ಇನ್ನೊಂದು ಕೈ ಕುಂಡೆಯ ಕೆಳಗೆ, ಹಾಗೆ ಎತ್ತಬೇಕು. ಅಜ್ಜಿಯರಿಗೆ ಒಂದು ವಿನಂತಿ: ಎಣ್ಣೆ ಹಚ್ಚಿ, ಕಾಲಮೇಲೆ ಬೋರಲು ಮಲಗಿಸಿ, ಕೈಕಾಲು ಎಳೆದು ನೀರೆರೆಯುವುದನ್ನು ಸರ್ಜನ್ ಸರಿ ಅನ್ನುವವರೆಗೆ ನಿಲ್ಲಿಸಿ. ಲಸಿಕೆಗಳನ್ನು ಯಾವಾಗ ಹಾಕಿಸಬೇಕು ಅಂತಲೂ ಅವರನ್ನೇ ಕೇಳಿ, ರಕ್ತ ಕೊಟ್ಟ ಮೇಲೆ ಕೆಲವನ್ನು ಮುಂದಕ್ಕೆ ಹಾಕುತ್ತಾರೆ. ಮುಂದೆ ಹಲ್ಲು ಹುಳುಕಾಗದಂತೆ ನೋಡಿಕೊಳ್ಳುವುದು ಬೇರೆ ಮಕ್ಕಳಿಗಿಂತ ಇವರಿಗೆ ಜಾಸ್ತಿ ಮುಖ್ಯ. ಬಾಯಿಯ ಕೀಟಾಣುಗಳು ರಕ್ತದಲ್ಲಿ ಸೇರಿ ಹೃದಯದೊಳಗೆ ಸೋಂಕು ಮಾಡಬಲ್ಲವು. ಹಲ್ಲಿನ ಡಾಕ್ಟರಿಗೆ ಆಪರೇಷನ್ ವಿಷಯ ಹೇಳದೆ ಹಲ್ಲು ಕೀಳಿಸಬೇಡಿ.

ಸ್ವಿಚ್ ಆದ ಮಕ್ಕಳು ಬಹುತೇಕ ಎಲ್ಲರಂತೆಯೇ ಓಡಾಡಿಕೊಂಡು ಬೆಳೆಯುತ್ತಾರೆ. ಆದರೂ ವರ್ಷಕ್ಕೊಮ್ಮೆ, ಅಥವಾ ಡಾಕ್ಟರು ಹೇಳಿದಾಗ, ಎಕೋ ಬೇಕು. ಹೊಲಿದ ಜಾಗದಲ್ಲಿ ಪಲ್ಮನರಿ ಆರ್ಟರಿ ಕಿರಿದಾಗಬಹುದು, ಅಯೋರ್ಟಾದ ಬುಡ ಹಿಗ್ಗಬಹುದು, ಸಾಗಿಸಿದ ಕೊರೊನರಿಗಳನ್ನೂ ನೋಡುತ್ತಿರಬೇಕು. ನಮ್ಮವರು ಮನೆ ಬದಲಿಸುತ್ತಾರೆ, ಊರು ಬದಲಿಸುತ್ತಾರೆ, ಹೋಟೆಲ್ ಕೆಲಸ ಬಿಟ್ಟು ಮಂಗಳೂರಿಗೆ ಹೊರಟುಬಿಡುತ್ತಾರೆ. ಡಿಸ್ಚಾರ್ಜ್ ಕಾರ್ಡ್ ಜೊತೆಗೆ "ಆಪರೇಷನ್ ನೋಟ್ಸ್" ಅನ್ನುವ ಕಾಗದದ ಪ್ರತಿಯನ್ನೂ ಕೇಳಿ ಪಡೆದು, ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಯಾವ ಕೊರೊನರಿ ಎಲ್ಲಿಂದ ಎಲ್ಲಿಗೆ ಹೋಯಿತು, ಎಷ್ಟು ಮಿಲಿಮೀಟರಿನ ಟ್ಯೂಬ್ ಹಾಕಿದರು ಅನ್ನುವುದೆಲ್ಲ ಅದರಲ್ಲೇ ಇರುತ್ತದೆ. ಇಪ್ಪತ್ತು ವರ್ಷದ ನಂತರ ಇನ್ನೊಂದು ಊರಿನ ಡಾಕ್ಟರು ಮೊದಲು ಕೇಳುವುದು ಆ ಕಾಗದವನ್ನೇ.